ಮೆಣಸಿನಕಾಯಿ ಹಿಡಿದ ಕೈ, ಮುಟ್ಟಿನ ಕಪ್: ಬ್ಯಾಡಗಿ ಕಡೆಯ ಒಂದು ಪ್ರಕರಣ

ಈ ಪ್ರಕರಣದ ಹೆಣ್ಣುಮಗಳನ್ನು ರೇಣವ್ವ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಊರು ಹಾವೇರಿ ಜಿಲ್ಲೆಯದು, ಬ್ಯಾಡಗಿ ಪೇಟೆಗೆ ದಿನಾ ಹೋಗಿ ಬರುವಷ್ಟು ಹತ್ತಿರ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ವಯಸ್ಸು, ಮಕ್ಕಳ ತರಗತಿ, ಮನೆಯ ಕೆಲವು ಗುರುತುಗಳನ್ನು ಬದಲಿಸಿದ್ದೇನೆ. ಬರೆದು ಮುಗಿಸಿದ ಮೇಲೆ ಅವಳ ಮನೆಯ ಪಡಸಾಲೆಯಲ್ಲಿ ಕೂತು ಪೂರ್ತಿ ಓದಿ ಹೇಳಿದೆ. "ಹಾಕ್ರಿ ಅಕ್ಕಾರ, ನನಗ ಆದಂಗ ಇನ್ನೊಬ್ಬಾಕಿಗೆ ಆಗೂದು ಬ್ಯಾಡ" ಅಂದಳು.

ನಾನು ನರ್ಸಿಂಗ್ ಓದಿ ಈ ಭಾಗದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಆರೋಗ್ಯದ ಕೆಲಸ ಮಾಡುವವಳು. ಮುಟ್ಟಿನ ದಿನಗಳಲ್ಲಿ ಯಾವುದನ್ನು ಹೇಗೆ ಬಳಸಬೇಕು ಎಂದು ಹೇಳಿಕೊಡುವುದು ನನ್ನ ಕೆಲಸದ ಒಂದು ಪಾಲು. ಈ ಪ್ರಕರಣದಲ್ಲಿ ಆದ ದೊಡ್ಡ ತಪ್ಪು ನನ್ನದು. ಅದನ್ನು ಮುಚ್ಚಿಟ್ಟು ಬರೆದರೆ ಬರೆದೂ ಉಪಯೋಗವಿಲ್ಲ.

ಹಿನ್ನೆಲೆ

ರೇಣವ್ವನಿಗೆ ಆಗ 36 ವರ್ಷ. ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಹೈಸ್ಕೂಲಿನಲ್ಲಿದ್ದಾಳೆ, ಕಿರಿಯವಳು ಇನ್ನೂ ದೊಡ್ಡವಳಾಗಿಲ್ಲ. ಎರಡೂ ಹೆರಿಗೆ ಸಹಜ, ಎರಡನೆಯದರ ಬೆನ್ನಿಗೇ ಮಕ್ಕಳಾಗದಂತೆ ಆಪರೇಷನ್ ಆಗಿದೆ. ಗಂಡ ಹಮಾಲಿ ಮಾಡುತ್ತಾನೆ. ಮನೆಯಲ್ಲಿ ಅತ್ತೆ ಇದ್ದಾರೆ. ಮಳೆಗಾಲದಲ್ಲಿ ಹೊಲದ ಕೂಲಿ. ಜನವರಿ ಹಿಡಿದು ಬೇಸಿಗೆ ಮುಗಿಯುವ ತನಕ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ನಮ್ಮಲ್ಲಿ ಅದಕ್ಕೆ ತುಂಬು ಬಿಡಿಸೋದು ಅನ್ನುತ್ತಾರೆ. ಕೂಲಿ ಕಿಲೋ ಲೆಕ್ಕದಲ್ಲಿ.

ಬ್ಯಾಡಗಿ ಮೆಣಸಿನಕಾಯಿ ಗೊತ್ತಿಲ್ಲದ ಕನ್ನಡಿಗರಿಲ್ಲ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಕಡ್ಡಿ ತಳಿ ಇರಲಿ, ಡಬ್ಬಿ ತಳಿ ಇರಲಿ, ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದೇ ಅದರ ಹೆಸರು. ಆದರೆ ಈ ಪೇಟೆಗೆ ಗುಂಟೂರಿನ ಖಾರದ ಕಾಯಿಯೂ ಬರುತ್ತದೆ. ಮೇಲಾಗಿ ಖಾರ ಕಡಿಮೆ ಅನ್ನುವುದು ಒಂದು ಕಾಯಿ ಸಾರಿಗೆ ಹಾಕುವವರ ಮಾತು. ರಾಶಿಯ ನಡುವೆ ಮುಂಜಾನೆ ಎಂಟರಿಂದ ಸಂಜೆ ಆರರ ತನಕ ಕೂತವರ ಮಾತು ಬೇರೆ. ಮೂಗಿಗೆ ಸೆರಗು ಬಿಗಿದುಕೊಂಡಿರುತ್ತಾರೆ, ಆದರೂ ಘಾಟಿಗೆ ಸೀನು ನಿಲ್ಲುವುದಿಲ್ಲ. ಬೆರಳ ಸಂದಿ ಕೆಂಪಗೆ ಬಾತಿರುತ್ತದೆ. ಕೆಲವರು ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂಡುತ್ತಾರೆ. ರಾತ್ರಿ ಮಗುವಿನ ಕೆನ್ನೆ ಮುಟ್ಟಲೂ ಹೆದರುತ್ತಾರೆ. ಈ ಮಾತನ್ನು ನಾನು ಹತ್ತಾರು ಸಲ ಕೇಳಿದ್ದೆ. ಕೇಳಿಯೂ ಅದರ ಅರ್ಥ ನನಗೆ ಹೊಳೆಯಲಿಲ್ಲ.

ಮುಟ್ಟಿನ ದಿನಗಳಲ್ಲಿ ರೇಣವ್ವ ಅಂಗಡಿಯ ಪ್ಯಾಡ್ ಬಳಸುತ್ತಿದ್ದಳು. ಮುಂಜಾನೆ ಹಾಕಿಕೊಂಡದ್ದನ್ನು ಸಂಜೆ ಮನೆಗೆ ಬಂದೇ ತೆಗೆಯುವುದು. ಕೆಲಸದ ಕಡೆ ಪಾಯಿಖಾನೆ ಇತ್ತು, ಬಾಗಿಲಿಗೆ ಚಿಲಕ ಇರಲಿಲ್ಲ, ಒಳಗೆ ಕಸದ ಡಬ್ಬಿಯೂ ಇರಲಿಲ್ಲ. ಎರಡನೇ ದಿನ ಒಂದರ ಮೇಲೊಂದು ಎರಡು ಪ್ಯಾಡ್ ಇಟ್ಟುಕೊಂಡು ಹೋಗುತ್ತಿದ್ದಳು. ತೊಡೆ ಸಂದಿನ ಚರ್ಮ ಕೆತ್ತಿ ಹೋಗುತ್ತಿತ್ತು. ಆ ಜಾಗಕ್ಕೆ ಬೆವರು, ಬೆವರಿನ ಮೇಲೆ ಮೆಣಸಿನಕಾಯಿ ಧೂಳು. ತಿಂಗಳಿಗೆ ಮೂರು ಪಾಕೀಟು ಅವಳೊಬ್ಬಳಿಗೇ ಬೇಕಾಗುತ್ತಿತ್ತು. ಹಾವೇರಿಗೆ ಹೋದಾಗ ಜನೌಷಧಿ ಅಂಗಡಿಯಿಂದ ಒಂದು ರೂಪಾಯಿಗೆ ಒಂದರಂತೆ ಸಿಗುವ ಸುವಿಧಾ ಪ್ಯಾಡ್ ತರುತ್ತಿದ್ದಳು. 2019ರಿಂದ ಆ ದರ ಇದೆ, ಅದು ದೊಡ್ಡ ಅನುಕೂಲವೇ. ಹಣದ ಹೊರೆ ಇಳಿಯಿತು. ಬಳಸಿದ್ದನ್ನು ಎಲ್ಲಿ ಹಾಕುವುದು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ನಾಯಿ ಎಳೆದು ತಂದದ್ದು

ಇಂಥ ಕಸವನ್ನು ಸುತ್ತಿ ಬೇರೆಯಾಗಿ ಕೊಡಬೇಕು ಎಂದು ಘನತ್ಯಾಜ್ಯ ನಿಯಮಗಳು ಹೇಳುತ್ತವೆ. ರೇಣವ್ವನ ಓಣಿಗೆ ಅಂಥ ಗಾಡಿ ಬರುತ್ತಿರಲಿಲ್ಲ. ಊರ ಹೆಣ್ಣುಮಕ್ಕಳು ಕತ್ತಲಾದ ಮೇಲೆ ಹಳ್ಳದ ಬೇಲಿಗೆ ಎಸೆದು ಬರುತ್ತಿದ್ದರು, ಇವಳೂ ಹಾಗೇ.

ಶ್ರಾವಣದ ಒಂದು ಮುಂಜಾನೆ ನಾಯಿಯೊಂದು ಪ್ಯಾಡ್ ಕಚ್ಚಿಕೊಂಡು ಬಂದು ಗುಡಿ ಕಟ್ಟೆಯ ಮುಂದೆ ಹರಿದು ಹಾಕಿತು. ಕಟ್ಟೆಯ ಮೇಲೆ ಗಂಡಸರು ಕೂತಿದ್ದರು. ಯಾರದ್ದು ಎಂದು ಯಾರಿಗೂ ಗೊತ್ತಿಲ್ಲ. ಆದರೆ ನೀರಿಗೆ ಹೋಗಿದ್ದ ರೇಣವ್ವನ ಹಿರಿಯ ಮಗಳು ಅದನ್ನು ನೋಡಿದಳು, ಗಂಡಸರು ಆಡಿದ ಮಾತನ್ನೂ ಕೇಳಿದಳು. ಕೊಡ ಅಲ್ಲೇ ಇಟ್ಟು ಮನೆಗೆ ಬಂದವಳು ಆ ದಿನ ರೊಟ್ಟಿ ಮುಟ್ಟಲಿಲ್ಲ. ಆ ವಾರವೇ ರೇಣವ್ವ ಅಂಗನವಾಡಿಯಲ್ಲಿ ನಡೆಯುವ ನಮ್ಮ ಸಭೆಗೆ ಮೊದಲ ಸಲ ಬಂದದ್ದು. ಬಂದವಳು ಕೇಳಿದ್ದು ಆರೋಗ್ಯದ ಮಾತಲ್ಲ, ಪರಿಸರದ ಮಾತೂ ಅಲ್ಲ. "ಒಗಿಯೋ ಪ್ರಶ್ನೆನೇ ಬರದಂಗ ಏನರ ಐತೇನ್ರಿ ಅಕ್ಕಾರ?" ಎಂದಳು. ಅಲ್ಲಿಂದ ಇದೆಲ್ಲ ಶುರುವಾಯಿತು.

ಮೊದಲು ಬಟ್ಟೆ

ಬಟ್ಟೆಯಿಂದ ಶುರು ಮಾಡೋಣ ಎಂದು ಇಬ್ಬರೂ ಸೇರಿ ತೀರ್ಮಾನಿಸಿದೆವು. ಮನೆಯಲ್ಲಿ ಅತ್ತೆಗೆ ಬಟ್ಟೆ ಗೊತ್ತು, ಒಳಗೆ ಏನನ್ನೂ ಇಡಬೇಕಿಲ್ಲ, ಬೇಡವೆನಿಸಿದರೆ ಬಿಡಬಹುದು. ಕೊಂಡು ತರುವವರಿಗೆ, ಮರುಬಳಕೆಯ ಪ್ಯಾಡ್‌ಗೆಂದೇ 2021ರಲ್ಲಿ ಐಎಸ್ 17514 ಎಂಬ ಮಾನದಂಡ ಬಂದಿದೆ, ಆ ಗುರುತು ನೋಡಿ ಎಂದು ಹೇಳುತ್ತೇನೆ. ರೇಣವ್ವ ಹೊಲಿಸಿಕೊಂಡಳು. ಮೆತ್ತನೆಯ ಹತ್ತಿ ಬಟ್ಟೆ, ಗಾಢ ಮರೂನ್ ಬಣ್ಣ, ಒಟ್ಟು ಎಂಟು. ಪದರಗಳನ್ನು ಒಳಗೇ ಸೇರಿಸಿ ದಪ್ಪಗೆ ಹೊಲಿದ ನಮೂನೆ. ನೋಡಲು ಅಂಗಡಿಯ ಪ್ಯಾಡಿನಂತೆಯೇ ಇರುವುದರಿಂದ ಅದೇ ಬೇಕೆಂದಳು, ನಾನೂ ತಡೆಯಲಿಲ್ಲ.

ಒಗೆಯುವುದನ್ನು ಚೆನ್ನಾಗಿ ಕಲಿತಳು. ಮೊದಲು ತಣ್ಣೀರಲ್ಲಿ ನೆನೆಸುವುದು. ಬಿಸಿ ನೀರು ಹಾಕಿದರೆ ರಕ್ತದ ಪ್ರೋಟೀನು ಗಟ್ಟಿಯಾಗಿ ಕಲೆ ನೂಲಿಗೆ ಕೂತುಬಿಡುತ್ತದೆ. ಆಮೇಲೆ ಸೋಪು, ಕೆಂಪು ಬಿಡುವುದು ನಿಲ್ಲುವ ತನಕ ತಿಳಿನೀರು. ಒಂದು ದಿನದ ಬಟ್ಟೆಗೆ ಎಷ್ಟು ನೀರು ಹೋಗುತ್ತದೆ ಎಂದು ನಾವೇ ಅಳೆದೆವು. ಎರಡೂವರೆ ಬಕೆಟ್. ಮಳೆಗಾಲವಾದ್ದರಿಂದ ಅದು ಭಾರ ಅನ್ನಿಸಲಿಲ್ಲ.

ಸಮಸ್ಯೆ ಬಂದದ್ದು ಒಣಗಿಸುವಲ್ಲಿ. ಅವಳು ಹಿತ್ತಲ ತಂತಿಯಲ್ಲಿ ಬಟ್ಟೆ ಹಾಕಿ ಅದರ ಮೇಲೆ ಲಂಗ, ಲಂಗದ ಮೇಲೆ ಸೀರೆ ಹೊದಿಸುತ್ತಿದ್ದಳು. ಜಿಟಿಜಿಟಿ ಮಳೆ, ದಪ್ಪ ಹೊಲಿಗೆ, ಮೇಲೆ ಎರಡು ಅರಿವೆಯ ಮುಚ್ಚಿಗೆ. ಎರಡು ದಿನವಾದರೂ ನಡುವಿನ ಪದರ ತಣ್ಣಗೇ ಇರುತ್ತಿತ್ತು. ಮುಟ್ಟಿ ನೋಡಿದರೆ ಮೇಲೆ ಒಣಗಿದಂತೆ ಕಾಣುತ್ತದೆ, ಹಿಂಡಿದರೆ ತಂಪು ಬೆರಳಿಗೆ ತಾಗುತ್ತದೆ. ಎರಡನೇ ತಿಂಗಳಿಗೆ ತುರಿಕೆ, ಮೊಸರು ಒಡೆದಂಥ ಬಿಳಿ ಸೆರಗು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶಿಲೀಂಧ್ರದ ಸೋಂಕೆಂದು ಔಷಧಿ ಕೊಟ್ಟರು, ವಾರದಲ್ಲಿ ಕಡಿಮೆಯಾಯಿತು. ಆದರೆ ಓಣಿಯಲ್ಲಿ ಸುದ್ದಿ ಹರಡಿತ್ತು: ಬಟ್ಟಿ ಹಚ್ಚಿಕೊಂಡು ರೋಗ ಬಂತು.

ಇಲ್ಲಿ ಬಿಟ್ಟುಬಿಡುತ್ತಾಳೆ ಎಂದೇ ನಾನು ಅಂದುಕೊಂಡಿದ್ದೆ. ಬಿಡದಂತೆ ಮಾಡಿದ್ದು ಅತ್ತೆ. ಸೊಸೆ ಕಡಿಗಿ ಆದಾಗ, ಅಂದರೆ ಮುಟ್ಟಾದಾಗ, ದೇವರ ಕೋಣೆಯ ಕಡೆ ಸುಳಿಯಬಾರದು ಎನ್ನುವ ಹಿರಿಯರು ಅವರು. ವಿರೋಧ ಬಂದರೆ ಅವರಿಂದಲೇ ಎಂದು ಮೊದಲೇ ಲೆಕ್ಕ ಹಾಕಿದ್ದೆ. ಆಕೆ ಆ ಎಂಟರಲ್ಲಿ ಒಂದನ್ನು ಕೈಯಲ್ಲಿ ಹಿಡಿದು ಹಿಚುಕಿ, "ಇದನ್ಯಾರು ಹಿಂಗ ಹೊಲದಾರ್ಬೆ? ಇದರ ಹೊಟ್ಟಿ ಒಣಗೂದ ಇಲ್ಲ. ನಾವು ಹಳೀ ಸೀರಿ ಮಡಚಿ ಇಟ್ಕೋತಿದ್ವಿ, ಬಿಚ್ಚಿ ಒಗದು ಬಿಸಲಿಗೆ ಹಾಕಿದ್ರ ತಾಸಿನಾಗ ಗರಿಗರಿ ಆಗೂದು" ಎಂದರು. ನನ್ನ ಪುಸ್ತಕದ ಜ್ಞಾನಕ್ಕಿಂತ ಅದು ಮುಂದಿತ್ತು. ಮಡಚಿ ಬಳಸುವ, ಬಿಚ್ಚಿದರೆ ಒಂದೇ ಪದರವಾಗುವ ಬಟ್ಟೆ ಬೇಗ ಒಣಗುತ್ತದೆ ಎಂಬುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ನೋಟ ಚೆನ್ನಾಗಿದೆ ಎಂದು ಒಪ್ಪಿದ್ದೆ.

ಎಂಟನ್ನೂ ಬಿಚ್ಚಿ ಹೊಸದಾಗಿ ಹೊಲಿಸಿದೆವು. ಅಂಗೈಯಗಲದ ತೆಳುವಾದ ಹೊರಕವಚ, ಅದರೊಳಗೆ ಮಡಚಿ ತೂರಿಸುವ ಚೌಕದ ಅರಿವೆ. ಜಾಗವನ್ನೂ ಅತ್ತೆಯೇ ತೋರಿಸಿದರು. ದನದ ಕೊಟ್ಟಿಗೆಯ ಮೂಡಣ ಮಗ್ಗುಲು, ಬೆಳಗಿನ ಬಿಸಿಲು ನೇರ ಬೀಳುವ ಕಡೆ. ಗಂಡಸರು ಆ ಕಡೆ ಹೋಗುವುದು ಹಾಲು ಕರೆಯುವ ಹೊತ್ತಿಗೆ ಮಾತ್ರ. ಚೌಕದ ಅರಿವೆ ತಂತಿಯ ಮೇಲೆ ಬಿದ್ದರೆ ಅದು ಯಾವ ಅರಿವೆ ಎಂದು ಯಾರೂ ಗುರುತಿಸುವಂತಿರಲಿಲ್ಲ. ಅಕ್ಟೋಬರ್ ಹೊತ್ತಿಗೆ ತುರಿಕೆ ಮತ್ತೆ ಬರಲಿಲ್ಲ. ತೊಡೆ ಸಂದಿನ ಗಾಯವೂ ಮಾಗಿತ್ತು.

ಕಪ್, ಮತ್ತು ನನ್ನ ತಪ್ಪು

ಜನವರಿಯಲ್ಲಿ ಸುಗ್ಗಿ ಶುರುವಾಯಿತು. ಹೊಲದಲ್ಲಾದರೆ ಮರೆಗೆ ಹೋಗಿ ಬಟ್ಟೆ ಬದಲಿಸಬಹುದಿತ್ತು. ಮೆಣಸಿನಕಾಯಿ ಕೆಲಸದಲ್ಲಿ ಹತ್ತು ತಾಸು ಕೂತಲ್ಲೇ. ಬಟ್ಟೆಯನ್ನು ಆರು ತಾಸಿಗಿಂತ ಹೆಚ್ಚು ಇಡಬೇಡ ಎಂದು ನಾನು ಹೇಳಿದ್ದೆ. ಬದಲಿಸಿದರೆ ಒದ್ದೆಯಾದದ್ದನ್ನು ಚೀಲದಲ್ಲಿಟ್ಟುಕೊಂಡು ಸಂಜೆ ತನಕ ಕೂಡಬೇಕು. ಬುತ್ತಿ ಇರುವ ಚೀಲವೂ ಅದೇ. ಅವಳು ಮತ್ತೆ ಅಂಗಡಿಯ ಪ್ಯಾಡಿಗೆ ಹೋಗುವ ಮೊದಲು ಏನಾದರೂ ಮಾಡಬೇಕೆಂದು ಮುಟ್ಟಿನ ಕಪ್ ಬಗ್ಗೆ ಹೇಳಿದೆ.

ಕಪ್ ನಮ್ಮ ರಾಜ್ಯಕ್ಕೆ ತೀರಾ ಹೊಸದಲ್ಲ. 2022ರಲ್ಲಿ ಸರ್ಕಾರವೇ ಶುಚಿ ಯೋಜನೆಯ ಅಡಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಹಂಚಲು ಶುರು ಮಾಡಿತ್ತು. ವೈದ್ಯಕೀಯ ದರ್ಜೆಯ ಸಿಲಿಕೋನಿನ ಗಂಟೆಯಾಕಾರದ ಬಟ್ಟಲು, ಒಳಗೆ ಇಟ್ಟುಕೊಂಡರೆ ಹನ್ನೆರಡು ತಾಸಿನವರೆಗೆ ಇರಬಹುದು, ಸರಿಯಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬರುತ್ತದೆ. ನಮ್ಮ ಗುಂಪಿನವರು ಒಟ್ಟಾಗಿ ತರಿಸಿದಾಗ ಒಂದಕ್ಕೆ 350 ರೂಪಾಯಿ ಬಿತ್ತು, ರೇಣವ್ವ ಎರಡು ಕಂತಿನಲ್ಲಿ ಕೊಟ್ಟಳು. ಪುಕ್ಕಟೆ ಕೊಡಬಹುದಿತ್ತು. ಆದರೆ ತನ್ನ ದುಡ್ಡು ಹಾಕಿದ್ದನ್ನು ಸುಲಭವಾಗಿ ಮೂಲೆಗೆ ಎಸೆಯುವುದಿಲ್ಲ ಎಂಬುದು ನನ್ನ ಅನುಭವ, ಇಲ್ಲೂ ಅದು ಕೆಲಸಕ್ಕೆ ಬಂತು.

ಅಂಗನವಾಡಿಯ ಕೋಣೆಯಲ್ಲಿ ಕದ ಹಾಕಿಕೊಂಡು ಎಲ್ಲ ಹೇಳಿದೆ. "ಮ್ಯಾಲೆ ಹೊಟ್ಟಿಯೊಳಗ ಹೋಗಿ ಕಳದ್ರ?" ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಯೋನಿಯ ಕೊನೆಗೆ ಗರ್ಭಕೋಶದ ಬಾಯಿ ಇದೆ, ಅದು ದಾಟಿ ಹೋಗಲು ದಾರಿಯಿಲ್ಲ ಎಂದು ಚಿತ್ರ ಬರೆದು ತೋರಿಸಿದೆ. ಗುಂಪಿನಲ್ಲಿ ವಂಕಿ (ಮಕ್ಕಳಾಗದಂತೆ ಗರ್ಭಕೋಶದೊಳಗೆ ಇಡುವ ಸಾಧನ) ಹಾಕಿಸಿಕೊಂಡಿದ್ದ ಇನ್ನೊಬ್ಬಳಿಗೆ ಕಪ್ ಕೊಡಲಿಲ್ಲ. ಕಪ್ ಎಳೆಯುವಾಗ ವಂಕಿ ಜಾರಿ ಬರುವ ಸಾಧ್ಯತೆ ಇರುವುದರಿಂದ ಮೊದಲು ವೈದ್ಯರನ್ನು ಕೇಳಿ ಬಾ ಎಂದೆ. ಕೈ ತೊಳೆಯಿರಿ ಎಂದು ಮೂರು ಸಲ ಹೇಳಿದೆ. ಸೋಪು ಹಚ್ಚಿ ತೊಳೆದು ತೋರಿಸಿದೆ. ನನ್ನ ಕೈ, ಅಂಗನವಾಡಿಯ ನಲ್ಲಿ, ಸ್ವಚ್ಛ ನೀರು.

ಆ ತಿಂಗಳು ಎರಡನೇ ದಿನ ಮಧ್ಯಾಹ್ನ ರೇಣವ್ವನ ಕಪ್ ತುಂಬಿ ಸೋರಿತು. ಕೆಲಸದ ಕಡೆಯ ಪಾಯಿಖಾನೆಗೆ ಹೋಗಿ, ತಂಬಿಗೆ ನೀರಲ್ಲಿ ಕೈ ತೊಳೆದುಕೊಂಡು ತೆಗೆದಳು. ಕಪ್ಪನ್ನೂ ತೊಳೆದು ಮತ್ತೆ ಹಾಕಿದಳು. ಮುಂದಿನದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. "ಒಂದ ನಿಮಿಷ ಏನೂ ಆಗಲಿಲ್ರಿ. ಆಮ್ಯಾಲೆ ಒಳಗ ಕೆಂಡ ಇಟ್ಟಂಗ ಆತು. ಜಗ್ಗಿದ್ರ ಬರವಲ್ದು. ಕೂಗಾಕ ಬರೂದಿಲ್ಲ, ಹೊರಗ ಗಂಡಸರು ನಿಂತಾರ. ಸೆರಗು ಬಾಯಾಗ ತುರಕೊಂಡು ಜಗ್ಗಿದೆ."

ಮೆಣಸಿನಕಾಯಿಯ ಖಾರ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಬರೀ ನೀರಲ್ಲಿ ಎಷ್ಟು ತೊಳೆದರೂ ಉಗುರ ಸಂದಿಯಲ್ಲಿ, ಬೆರಳ ಗೆರೆಗಳಲ್ಲಿ ಅದು ಉಳಿಯುತ್ತದೆ. ಮೊದಲು ಅಡುಗೆ ಎಣ್ಣೆಯಿಂದ ತಿಕ್ಕಿ, ಆಮೇಲೆ ಸೋಪಿನಿಂದ ಎರಡು ಸಲ ತೊಳೆಯಬೇಕು. ಇದು ಅಡುಗೆ ಮಾಡುವ ಪ್ರತಿ ಹೆಂಗಸಿಗೂ ಗೊತ್ತು, ನನಗೂ ಗೊತ್ತು. ಆದರೆ ಸಭೆಯಲ್ಲಿ ಆ ಇಬ್ಬರು ರೇಣವ್ವರನ್ನು, ತುಂಬು ಬಿಡಿಸುವವಳನ್ನು ಮತ್ತು ಕಪ್ ಬಳಸುವವಳನ್ನು, ನಾನು ಒಂದೇ ದೇಹದಲ್ಲಿ ಕಾಣಲಿಲ್ಲ. ಬುಡವನ್ನು ಹಿಚುಕಿ ಗಾಳಿ ಬಿಡಿಸಿಯೇ ಕಪ್ ಎಳೆಯಬೇಕು ಎಂದು ಹೇಳಿದ್ದೆ, ಆದರೆ ಗಾಬರಿಯಲ್ಲಿ ಅದು ನೆನಪಿಗೆ ಬರುವಷ್ಟು ಅವಳಿಂದ ಮಾಡಿಸಿರಲಿಲ್ಲ.

ಅವಳು ಅರ್ಧ ದಿನದ ಕೂಲಿ ಬಿಟ್ಟು ಮನೆಗೆ ಬಂದಳು. ಬಚ್ಚಲಲ್ಲಿ ತಣ್ಣೀರು ಸುರಿದುಕೊಳ್ಳುತ್ತ ಕೂತಳು. ಮೂರು ತಾಸಿಗೆ ಉರಿ ಇಳಿಯಿತು. ನನಗೆ ಗೊತ್ತಾದದ್ದು ನಾಲ್ಕು ದಿನದ ಮೇಲೆ, ಮಗಳು ಫೋನ್ ಮಾಡಿದಾಗ. ಹೋದೆ. ಕಪ್ ಗೋಡೆಯ ಮೊಳೆಗೆ ಒಂದು ಸಣ್ಣ ಚೀಲದಲ್ಲಿ ನೇತಾಡುತ್ತಿತ್ತು. ತಪ್ಪು ನನ್ನದು ಎಂದು ಅವಳ ಅತ್ತೆಯ ಎದುರಿಗೇ ಹೇಳಿದೆ. ಮತ್ತೆ ಬಳಸು ಎನ್ನಲಿಲ್ಲ. ಅದು ಸರಿಯಾದ ನಿರ್ಧಾರವಾಗಿತ್ತು ಎಂದು ಈಗಲೂ ಅನ್ನಿಸುತ್ತದೆ. ಆ ಗಳಿಗೆಯಲ್ಲಿ ಒತ್ತಾಯ ಮಾಡಿದ್ದರೆ ಕಪ್ ಜೊತೆ ನನ್ನನ್ನೂ ಮೊಳೆಗೆ ಹಾಕುತ್ತಿದ್ದಳು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ 43 ಅಧ್ಯಯನಗಳನ್ನು, ಸುಮಾರು 3,300 ಹೆಣ್ಣುಮಕ್ಕಳ ಅನುಭವವನ್ನು ಒಟ್ಟುಗೂಡಿಸಿದ ಪರಿಶೀಲನೆ ಬಂದಿತು. ಕಪ್ ಸುರಕ್ಷಿತ, ಸೋರುವುದು ಬೇರೆ ವಿಧಾನಗಳಷ್ಟೇ ಅಥವಾ ಕಡಿಮೆ, ಆದರೆ ರೂಢಿಯಾಗಲು ಕೆಲವು ತಿಂಗಳು ಹಿಡಿಯುತ್ತದೆ ಎಂಬುದು ಅದರ ಸಾರ. ಮೊದಲೆರಡನ್ನು ರೇಣವ್ವನಿಗೆ ಹೇಳಿದ್ದೆ. ಮೂರನೆಯದನ್ನು ಅವಸರದಲ್ಲಿ ನುಂಗಿದ್ದೆ. ಮೊದಲ ತಿಂಗಳೇ ಸುಗ್ಗಿಯ ನಡುವೆ, ಮನೆಯಿಂದ ಹೊರಗೆ ಬಳಸಲು ಬಿಟ್ಟದ್ದು ಆ ಅವಸರದ ಫಲ.

ಬಚ್ಚಲ ಗೋಡೆಯ ಗೆರೆಗಳು

ಜೂನ್‌ನಲ್ಲಿ ಅವಳೇ ಫೋನ್ ಮಾಡಿದಳು. ಸುಗ್ಗಿ ಮುಗಿದಿತ್ತು, ಕೈ ಸ್ವಚ್ಛವಿತ್ತು. ಬಿರು ಬೇಸಿಗೆಯಲ್ಲಿ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬಂದು, ಎರಡೂವರೆ ಬಕೆಟ್ಟಿನ ಲೆಕ್ಕ ಕೈಕೊಟ್ಟು, ಏಪ್ರಿಲ್ ಮೇ ಎರಡು ತಿಂಗಳು ಅಂಗಡಿಯ ಪ್ಯಾಡನ್ನೇ ಬಳಸಿದ್ದಳು. "350 ರೂಪಾಯಿ ಮೊಳಿಗಿ ತೂಗಿ ಬಿಟ್ಟಂಗ ಆಗೇತ್ರಿ. ಮನ್ಯಾಗ ಇದ್ದಾಗ ಒಮ್ಮಿ ನೋಡ್ಲೇನು?"

ಈ ಸಲ ನಾನು ಎರಡು ದಿನ ಅವಳ ಊರಲ್ಲೇ ಉಳಿದೆ. ಕಪ್ ಕುದಿಸುವುದು ಎಲ್ಲಿ ಎಂಬುದು ಮೊದಲ ತೊಡಕು. ತಿಂಗಳಿಗೊಮ್ಮೆ, ಬಳಕೆಗೆ ಮುಂಚೆ ಐದಾರು ನಿಮಿಷ ಕುದಿಸಬೇಕು. ಅಡುಗೆ ಮನೆಯ ಒಲೆಯ ಮೇಲೆ ಅದು ಆಗದ ಮಾತು. ಅತ್ತೆ ಒಪ್ಪುವುದಿಲ್ಲ, ನಾನು ಒಪ್ಪಿಸಲು ಹೋಗಲೂ ಇಲ್ಲ. ಬಚ್ಚಲಲ್ಲಿ ಸ್ನಾನದ ಹಂಡೆ ಕಾಯುವ ಒಲೆ ಇತ್ತು. ಹಳೆಯ ಅಲ್ಯೂಮಿನಿಯಂ ಪಾತ್ರೆಯೊಂದನ್ನು ಅದಕ್ಕೆಂದೇ ಎತ್ತಿಟ್ಟರು. ಮುಂಜಾನೆ ಹಂಡೆಗೆ ಉರಿ ಹಾಕಿದಾಗ ಪಕ್ಕದ ಕೆಂಡದ ಮೇಲೆ ಆ ಪಾತ್ರೆ ಕುದಿಯುತ್ತದೆ. ಕಪ್ ತಳಕ್ಕೆ ಅಂಟದಂತೆ ನೀರು ತುಂಬಾ ಇರಬೇಕು. ಅಷ್ಟೇ ಎಚ್ಚರ.

ಕುಕ್ಕರುಗಾಲಲ್ಲಿ ಕೂತು, ಮಡಚಿ, ಉಸಿರು ಬಿಟ್ಟು ಒಳಗೆ ಸರಿಸುವುದು, ಬುಡ ಹಿಚುಕಿ ತೆಗೆಯುವುದು, ಇದನ್ನು ಅವಳು ಹತ್ತು ಸಲ ಮಾಡಿದಳು. ಮೂರನೇ ತಿಂಗಳಿಗೆ ಕೈ ತಾನಾಗಿ ಓಡುತ್ತಿತ್ತು. ಆದರೆ ಎರಡನೇ ದಿನ ಮತ್ತೆ ಸೋರಿತು. ಜನವರಿಯಲ್ಲೂ ಹಾಗೇ ಆಗಿತ್ತಲ್ಲ ಎಂದು ಆಗ ನೆನಪಾಯಿತು. ಹಾಕುವ ಕ್ರಮ ಸರಿಯಿತ್ತು, ಅಳತೆಯೂ ಸರಿಯಿತ್ತು. ಕಪ್ ತುಂಬುತ್ತಿತ್ತು, ನಾಲ್ಕೇ ತಾಸಿನಲ್ಲಿ.

ಆ ಕಪ್ಪಿನ ಒಳಮೈಯಲ್ಲಿ 20 ಮಿಲಿಲೀಟರಿಗೆ ಒಂದು ಗೆರೆ ಇತ್ತು. ಆ ಗೆರೆ ಮುಟ್ಟಿದಾಗಲೆಲ್ಲ ಒಂದು ಗುರುತು ಹಾಕು, ಅರ್ಧ ತುಂಬಿದ್ದರೆ ಅರ್ಧ ಗುರುತು ಎಂದು ಹೇಳಿ ಬಂದೆ. ಅವಳಿಗೆ ಪೆನ್ನು ಹಿಡಿದು ಬಚ್ಚಲಿಗೆ ಹೋಗುವುದು ಒಗ್ಗಲಿಲ್ಲ. ಒಲೆಯ ಇದ್ದಿಲು ತೆಗೆದುಕೊಂಡು ಗೋಡೆಗೆ ಎಳೆದಳು. ಆಗಸ್ಟ್‌ನಲ್ಲಿ ಹೋದಾಗ ತೋರಿಸಿದಳು. ಸುಣ್ಣದ ಗೋಡೆಯ ಮೇಲೆ, ಮೊಣಕಾಲೆತ್ತರದಲ್ಲಿ, ಒಂದರ ಪಕ್ಕ ಒಂದು ಕಪ್ಪು ಗೆರೆಗಳು. ಏಳು ಉದ್ದ, ಎರಡು ಗಿಡ್ಡ. ಒಟ್ಟು ಎಂಟು ಕಪ್. ಇಪ್ಪತ್ತು ಎಂಟ್ಲೆ ನೂರಾ ಅರವತ್ತು ಮಿಲಿ.

ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವುದು 30–40 ಮಿಲಿ. 80 ದಾಟಿದರೆ ಅತಿಸ್ರಾವ. ರೇಣವ್ವನದು ಅದರ ಎರಡು ಪಟ್ಟು, ಅದೂ ತಿಂಗಳು ತಿಂಗಳು, ಎಷ್ಟು ವರ್ಷದಿಂದಲೋ. ಪ್ಯಾಡ್ ಬಳಸುವಾಗ ಎರಡೆರಡು ಇಟ್ಟುಕೊಳ್ಳುತ್ತಿದ್ದದ್ದು ಕೆಲಸದ ತಾಸು ಉದ್ದವಿದ್ದುದಕ್ಕೆ ಎಂದು ಅವಳೂ ತಿಳಿದಿದ್ದಳು, ನಾನೂ ತಿಳಿದಿದ್ದೆ. ಏಣಿ ಹತ್ತಿದರೆ ಏದುಸಿರು, ಮುಖ ಬಿಳಿಚು, ಸಂಜೆಗೆ ಕಾಲು ಸೋಲು. ಎಲ್ಲದಕ್ಕೂ ದುಡಿತವೇ ಕಾರಣ ಎಂದು ಮನೆಯವರ ಮಾತು.

ಚೀಲದ ಮಾತು

ತಾಲ್ಲೂಕು ಆಸ್ಪತ್ರೆಯ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.4 ಬಂತು. ಬಸುರಿಯಲ್ಲದ ಹೆಂಗಸಿಗೆ 12 ಇರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ. ಅಷ್ಟು ಜನರಲ್ಲಿ ಎಷ್ಟು ಮಂದಿಯ ರಕ್ತ ಹೀಗೆ ಯಾರೂ ಅಳೆಯದೆ ಹೋಗುತ್ತಿದೆಯೋ ಎಂದು ಆ ಚೀಟಿ ಹಿಡಿದು ನಿಂತಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಗೋಡೆಯಲ್ಲಿ ಸಣ್ಣ ಗಡ್ಡೆಯೊಂದು ಕಂಡಿತು. ಕ್ಯಾನ್ಸರ್ ಅಲ್ಲದ, ಈ ವಯಸ್ಸಿನಲ್ಲಿ ಬಹಳ ಜನರಿಗೆ ಇರುವಂಥದ್ದು. ಸ್ಕ್ಯಾನಿಂಗ್ ಚೀಟಿ ತೆಗೆದುಕೊಂಡು ಗಂಡ ಹೆಂಡತಿ ಪೇಟೆಯ ಒಂದು ಖಾಸಗಿ ಕಡೆ ಹೋದರು. ಅಲ್ಲಿ ಹೇಳಿದ್ದು ಒಂದೇ ಮಾತು: ಚೀಲ, ಅಂದರೆ ಗರ್ಭಕೋಶ, ತೆಗೆಸಿಬಿಡಿ. ಓಣಿಯ ನಾಲ್ಕಾರು ಹೆಂಗಸರೂ ಅದನ್ನೇ ಹೇಳಿದರು. "ಇಬ್ರು ಮಕ್ಕಳಾಗ್ಯಾವ, ಇನ್ಯಾಕ ಬೇಕು ಚೀಲ? ನಂದೂ ತಗದಾರ, ತಿಂಗಳ ಕಾಟನ ಇಲ್ಲ." ಹೇಳಿದವಳಿಗೆ ಇನ್ನೂ ನಲವತ್ತು ಆಗಿಲ್ಲ, ಮೊಣಕಾಲು ಹಿಡಿದುಕೊಂಡೇ ಮೆಟ್ಟಿಲು ಇಳಿಯುತ್ತಾಳೆ. ಸಾಲ ಮಾಡಿ ಆಪರೇಷನ್ ಮಾಡಿಸಲು ಗಂಡ ತಯಾರಾಗಿದ್ದ. ಹೆಂಡತಿಯ ಮೇಲಿನ ಕಾಳಜಿಯಿಂದಲೇ, ಅದರಲ್ಲಿ ಅನುಮಾನವಿಲ್ಲ.

ಗರ್ಭಕೋಶ ತೆಗೆಯಲೇಬೇಕಾದ ಪ್ರಕರಣಗಳು ಇವೆ. ಆದರೆ ಅದು ಮೊದಲ ಔಷಧಿಯಲ್ಲ. ಅನಗತ್ಯವಾಗಿ ತೆಗೆಯುವುದು ಎಷ್ಟು ಹಬ್ಬಿದೆ ಎಂದರೆ 2023ರಲ್ಲಿ ಸುಪ್ರೀಂ ಕೋರ್ಟೇ ಇದನ್ನು ತಡೆಯುವ ಮಾರ್ಗಸೂಚಿ ಜಾರಿಗೆ ತರುವಂತೆ ರಾಜ್ಯಗಳಿಗೆ ಹೇಳಬೇಕಾಯಿತು. ನಾನು ರೇಣವ್ವನಿಗೆ ಬೇಡ ಎನ್ನಲಿಲ್ಲ, ಅದು ನನ್ನ ಅಧಿಕಾರವಲ್ಲ. ಇನ್ನೊಬ್ಬ ವೈದ್ಯರನ್ನು ಕೇಳಿ ಆಮೇಲೆ ತೀರ್ಮಾನ ಮಾಡು, ಹೋಗುವಾಗ ಗೆರೆಗಳ ಲೆಕ್ಕ ಒಯ್ಯಿ ಎಂದೆ.

ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವೈದ್ಯೆಯ ಎದುರು ಅವಳು "ಭಾಳ ಹೋಗ್ತೈತ್ರಿ" ಎನ್ನಲಿಲ್ಲ. "ಎಂಟು ಕಪ್ ಹೋಗ್ತೈತ್ರಿ, ಒಂದೊಂದು ಇಪ್ಪತ್ತು ಮಿಲಿ" ಎಂದಳು. ಬರೆಯುತ್ತಿದ್ದ ವೈದ್ಯೆ ತಲೆಯೆತ್ತಿ ನೋಡಿದ್ದನ್ನು ನಾನು ಮರೆತಿಲ್ಲ. ಹೆಚ್ಚು ಹೋಗುವ ದಿನಗಳಿಗೆ ರಕ್ತಸ್ರಾವ ತಗ್ಗಿಸುವ ಗುಳಿಗೆ, ಕಬ್ಬಿಣಾಂಶದ ಗುಳಿಗೆ, ಆರು ತಿಂಗಳಿಗೆ ಮತ್ತೆ ಸ್ಕ್ಯಾನಿಂಗ್. ಚೀಲದ ಮಾತು ಸದ್ಯಕ್ಕೆ ಬೇಡ ಎಂದರು.

ಈಗ

ಡಿಸೆಂಬರ್ ಹೊತ್ತಿಗೆ ಗೆರೆ ನಾಲ್ಕೂವರೆಗೆ ಇಳಿದಿತ್ತು. 90 ಮಿಲಿ ಇನ್ನೂ ಹೆಚ್ಚೇ. ಹಿಮೋಗ್ಲೋಬಿನ್ 10.9.

ಸುಗ್ಗಿಯ ತಿಂಗಳುಗಳಿಗೆ ಅವಳೇ ಒಂದು ಕ್ರಮ ಮಾಡಿಕೊಂಡಿದ್ದಾಳೆ. ಮುಂಜಾನೆ ಕೆಲಸಕ್ಕೆ ಹೋಗುವ ಮೊದಲು ಮನೆಯಲ್ಲೇ ಕಪ್ ಹಾಕುತ್ತಾಳೆ, ಹೊರಗೆ ಒಂದು ಮಡಚಿದ ಬಟ್ಟೆ. ಕೆಲಸದ ಕಡೆ ಕಪ್ ಮುಟ್ಟುವುದೇ ಇಲ್ಲ. ಸೋರಿದರೆ ಬಟ್ಟೆ ಹಿಡಿಯುತ್ತದೆ. ಸಂಜೆ ಬಂದು ಕೈಗೆ ಎಣ್ಣೆ ತಿಕ್ಕಿ, ಎರಡು ಸಲ ಸೋಪು ಹಚ್ಚಿ, ಸ್ನಾನ ಮಾಡಿ ಆಮೇಲೆ ತೆಗೆಯುವುದು. ಕೈ ಸ್ವಚ್ಛವಾಗಿದೆಯೇ ಎಂದು ನೋಡಲು ಬೆರಳ ತುದಿಯನ್ನು ತುಟಿಗೆ ತಾಗಿಸಿಕೊಳ್ಳುತ್ತಾಳೆ. ಚುರ್ ಅಂದರೆ ಮತ್ತೆ ಎಣ್ಣೆ, ಮತ್ತೆ ಸೋಪು. ತುಟಿಯ ಈ ಪರೀಕ್ಷೆ ಅವಳೇ ಕಂಡುಕೊಂಡದ್ದು, ಅದನ್ನು ಈಗ ನಾನು ಎಲ್ಲ ಸಭೆಗಳಲ್ಲಿ ಹೇಳುತ್ತೇನೆ. ತೀರಾ ಹೆಚ್ಚು ಹೋಗುವ ಎರಡನೇ ದಿನ ಅಂಗಡಿಯ ಪ್ಯಾಡ್ ಬಳಸುತ್ತಾಳೆ. ಅದನ್ನು ಸೋಲು ಎಂದು ನಾನು ಬರೆದುಕೊಂಡಿಲ್ಲ. ವರ್ಷಕ್ಕೆ ಇನ್ನೂರರ ಮೇಲೆ ಪ್ಯಾಡ್ ಹೋಗುತ್ತಿದ್ದದ್ದು ಮೂವತ್ತು ನಲವತ್ತಕ್ಕೆ ಬಂದಿದೆ, ಅವನ್ನು ಹಿತ್ತಲಲ್ಲಿ ಆಳದ ಗುಂಡಿ ತೋಡಿ ಮುಚ್ಚುತ್ತಾರೆ.

ಮಗಳಿಗೂ ಕಪ್ ಕೊಡಿಸಿ ಎಂದು ರೇಣವ್ವ ಕೇಳಿದ್ದಳು. ಮಗಳಿಗೆ ಬೇಕೆನಿಸಿಲ್ಲ. ಶಾಲೆಯಲ್ಲಿ ಶುಚಿ ಯೋಜನೆಯ ಪ್ಯಾಡ್ ಸಿಕ್ಕಾಗ ಅದು, ರಾತ್ರಿಗೆ ಮತ್ತು ರಜೆಗೆ ಬಟ್ಟೆ. ಅವಳ ದೇಹ, ಅವಳ ತೀರ್ಮಾನ. ಅಷ್ಟು ಹೇಳಿ ಆ ಮಾತು ಮುಗಿಸಿದೆ.

ನನ್ನ ಕೆಲಸದಲ್ಲಿ ಬದಲಾದದ್ದು ಕೇಳುವ ಪ್ರಶ್ನೆಗಳ ಸರದಿ. ಮೊದಲು ಯಾವುದು ಒಳ್ಳೆಯದು ಎಂದು ಹೇಳಿ ಆಮೇಲೆ ಹೇಗೆ ಬಳಸುವುದು ಎನ್ನುತ್ತಿದ್ದೆ. ಈಗ ಮೊದಲು ಕೇಳುವುದು, ನೀನು ದಿನವೆಲ್ಲ ಕೈಯಿಂದ ಏನು ಕೆಲಸ ಮಾಡ್ತೀ? ಆಮೇಲೆ, ನೀರು ಎಷ್ಟು ದಿನಕ್ಕೊಮ್ಮೆ ಬರ್ತೈತಿ, ಬಟ್ಟೆ ಎಲ್ಲಿ ಒಣಗಸ್ತೀ, ಕುದಿಸಲು ಯಾವ ಒಲೆ? ಮನೆಯ ಹಿರಿಯ ಹೆಂಗಸನ್ನು ಮೊದಲ ದಿನವೇ ಜೊತೆಗೆ ಕೂಡಿಸಿಕೊಳ್ಳುತ್ತೇನೆ. ಕಪ್ಪನ್ನು ಸುಗ್ಗಿಯಲ್ಲಿ ಶುರು ಮಾಡಿಸುವುದಿಲ್ಲ. ಕೀಟನಾಶಕ ಹೊಡೆಯುವವಳು, ಸುಣ್ಣದ ಕೆಲಸದವಳು, ಬೆಳ್ಳುಳ್ಳಿ ಸುಲಿಯುವವಳು, ಇವರ ಕೈಗಳನ್ನು ನೋಡದೆ ನನ್ನ ಕೈಚೀಲದಿಂದ ಏನನ್ನೂ ತೆಗೆಯುವುದಿಲ್ಲ.

ಯುಗಾದಿಗೆ ಮೊದಲು ಹೋಗಿದ್ದೆ. ಮನೆಗೆ ಸುಣ್ಣ ಹಚ್ಚುತ್ತಿದ್ದರು. ಬಚ್ಚಲ ಸರದಿ ಬರುವ ಮೊದಲೇ ಹಿರಿಯ ಮಗಳು ನೋಟುಬುಕ್ಕು ಹಿಡಿದು ಒಳಗೆ ಕೂತು, ಗೋಡೆಯ ಗೆರೆಗಳನ್ನು ತಿಂಗಳಿನ ಹೆಸರು ಹಾಕಿ ಒಂದೊಂದಾಗಿ ಇಳಿಸಿಕೊಳ್ಳುತ್ತಿದ್ದಳು. ಅಜ್ಜಿ ಕುಂಚ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. "ಲಗೂ ಬರಕೋಬೆ, ಸುಣ್ಣ ಆರತೈತಿ."